ಬೈಸಿಕಲ್ಲಿನ ಮೇಲೆ ಸಂಗೀತದ ಮೈಸೂರು

ಒಂದು ನಗರದ ಶಿಲ್ಪಸಂಪತ್ತನ್ನು ಕಾಣಬೇಕೆಂದು ಬಂದವನಿಗೆ ಮಾರ್ಗವು ಸುಲಭವಾದುದು. ಕಟ್ಟಡಗಳು ನಿಂತಿರುತ್ತವೆ, ಶಾಸನಗಳು ಓದುವವರಿಗಾಗಿ ಕಾದಿರುತ್ತವೆ. ಸಂಗೀತಸಂಪತ್ತನ್ನು ಅರಸಿ ಬಂದವನ ಕಷ್ಟವೇ ಬೇರೆ. ನಾದವು ಹುಟ್ಟಿದ ಕ್ಷಣದಲ್ಲಿಯೇ ಅಡಗತಕ್ಕದ್ದು. ನೂರು ವರ್ಷಗಳ ಹಿಂದೆ ಒಂದು ಸಂಜೆ ವೀಣೆ ಶೇಷಣ್ಣನವರ ಬೆರಳುಗಳಿಂದ ಹೊಮ್ಮಿದ ತಾನವನ್ನು ಯಾವ ಗೋಡೆಯೂ ಹಿಡಿದಿಟ್ಟುಕೊಂಡಿಲ್ಲ. ಹಾಗೆಂದು ವಿದ್ವಾಂಸರು ಗಾಳಿಯಲ್ಲಿ ಬಾಳಿದವರಲ್ಲ. ಅವರಿಗೆ ಮನೆಯಿತ್ತು, ಮನೆಯಿಂದ ಅರಮನೆಗೆ ಹೋಗುವ ಬೀದಿಯಿತ್ತು, ಪಾಠಕ್ಕೆ ಬರುವ ಶಿಷ್ಯನು ನಡೆದುಬರಬೇಕಾದ ದಾರಿಯಿತ್ತು. ಆ ದಾರಿಗಳು ಬಹುಮಟ್ಟಿಗೆ ಈಗಲೂ ಇವೆ. ಅವುಗಳನ್ನು ಅನುಸರಿಸಿದರೆ ಸಂಗೀತವು ಕೇಳಿಸದಿರಬಹುದು. ಅದು ಹೇಗೆ ಬೆಳೆಯಿತೆಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಈ ಕಾರ್ಯಕ್ಕೆ ಬೈಸಿಕಲ್ಲಿಗಿಂತ ಅನುಕೂಲವಾದ ವಾಹನವಿಲ್ಲವೆಂದು ನನ್ನ ಅಭಿಪ್ರಾಯ. ಮೋಟಾರಿನಲ್ಲಿ ಹೋದವನಿಗೆ ಬೀದಿಯ ಹೆಸರು ಓದುವಷ್ಟರಲ್ಲಿ ಬೀದಿಯೇ ಮುಗಿದಿರುತ್ತದೆ. ನಡೆದು ಹೋಗೋಣವೆಂದರೆ ಅರಮನೆಯಿಂದ ಒಂಟಿಕೊಪ್ಪಲಿಗೆ ದೂರ ಹೆಚ್ಚು. ಬೈಸಿಕಲ್ ಸವಾರನಾದರೋ ಬೇಕಾದಲ್ಲಿ ಕಾಲೂರಿ ನಿಲ್ಲಬಲ್ಲ, ಓಣಿಯೊಳಗೆ ತಿರುಗಬಲ್ಲ, ಜಗಲಿಯ ಮೇಲೆ ಕುಳಿತ ವೃದ್ಧರನ್ನು ಮಾತನಾಡಿಸಬಲ್ಲ. ಮೈಸೂರು ಬಹುಕಾಲದಿಂದ ಬೈಸಿಕಲ್ಲಿಗೆ ಒಗ್ಗಿದ ಊರು. 2017ರಲ್ಲಿ ‘ಟ್ರಿಣ್ ಟ್ರಿಣ್’ ಎಂಬ ಹೆಸರಿನಿಂದ ಸಾರ್ವಜನಿಕರಿಗೆ ಬಾಡಿಗೆಯ ಬೈಸಿಕಲ್ಲುಗಳನ್ನು ಒದಗಿಸುವ ಏರ್ಪಾಡು ಇಲ್ಲಿ ಆರಂಭವಾದದ್ದು ಈ ಅಭ್ಯಾಸಕ್ಕೆ ಒಪ್ಪುವಂತೆಯೇ ಇದೆ.

ಸವಾರಿಯನ್ನು ಅರಮನೆಯಿಂದಲೇ ಆರಂಭಿಸುವುದು ವಾಡಿಕೆ. ನಾನು ಆ ವಾಡಿಕೆಯನ್ನು ಮುರಿಯುವುದಿಲ್ಲ. ಆದರೆ ಅಲ್ಲಿಯೇ ಮುಗಿಸುವುದೂ ಇಲ್ಲ. ಮೈಸೂರಿನ ಸಂಗೀತವೆಲ್ಲವೂ ಮಹಾರಾಜರ ಕೊಡುಗೆ ಎಂದು ಹೇಳಿ ತೃಪ್ತರಾಗುವವರು ಅನೇಕರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಉಳಿದ ಅರ್ಧವನ್ನು ಊರಿನ ಬೀದಿಗಳಲ್ಲಿ ಹುಡುಕಬೇಕು. ಈ ಭಾಷಣದ ಉದ್ದೇಶ ಅದೇ.

ಮೊದಲು ಅರಮನೆಯ ಪಾಲನ್ನು ಅರಮನೆಗೆ ಸಲ್ಲಿಸೋಣ. ನಾವು ಇಂದು ನೋಡುವ ಭವ್ಯಸೌಧವು ಹೊಸದು. ಹಳೆಯ ಮರದ ಅರಮನೆಯು 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ಯೋಜನೆಯಂತೆ ಈಗಿನದು 1912ರ ಹೊತ್ತಿಗೆ ಪೂರ್ಣವಾಯಿತು. ಆ ಹದಿನೈದು ವರ್ಷ ರಾಜಪರಿವಾರಕ್ಕೆ ಆಶ್ರಯವಾದದ್ದು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆ. ಬೈಸಿಕಲ್ಲಿನ ಮೇಲೆ ಒಂದರಿಂದ ಇನ್ನೊಂದಕ್ಕೆ ಕೆಲವೇ ನಿಮಿಷಗಳ ದಾರಿ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ರಾಜ್ಯಾಧಿಕಾರವು ದೊರೆತ ಸಮಾರಂಭವು ನಡೆದದ್ದು ಇಲ್ಲಿಯೇ. ಚಿತ್ರಶಾಲೆಯನ್ನು ನೋಡಲು ಬಂದವರು ಇಲ್ಲಿನ ಸಭಾಮಂಟಪದಲ್ಲಿಯೂ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಒಬ್ಬ ವೈಣಿಕನ ನಾದವು ಹಿಂದಿನ ಸಾಲಿನವರನ್ನು ತಲುಪಬೇಕಾದರೆ ಸಭೆಯು ಎಷ್ಟು ನಿಶ್ಶಬ್ದವಾಗಿ ಕುಳಿತಿರಬೇಕು ಎಂಬುದನ್ನು ಅಲ್ಲಿ ಊಹಿಸಿಕೊಳ್ಳಬಹುದು.

ನಾಲ್ವಡಿಯವರು ಸ್ವತಃ ಹಲವು ವಾದ್ಯಗಳನ್ನು ಅಭ್ಯಾಸಮಾಡಿದ್ದರು. ಅವರ ಕಾಲದಲ್ಲಿ ಕರ್ಣಾಟಕ ಸಂಗೀತದ ಆಸ್ಥಾನವಿದ್ವಾಂಸರ ಜೊತೆಗೆ ಪಾಶ್ಚಾತ್ಯ ವಾದ್ಯಮೇಳವೂ ಅರಮನೆಯಲ್ಲಿತ್ತು. ಹಿಂದೂಸ್ತಾನಿ ಗಾಯಕರಾದ ಅಬ್ದುಲ್ ಕರೀಂ ಖಾನರು ಈ ಆಸ್ಥಾನಕ್ಕೆ ಬಂದುಹೋಗುತ್ತಿದ್ದರು. 1927ರಲ್ಲಿ ದಸರಾ ದರ್ಬಾರಿಗೆ ಬಂದ ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು ಆಸ್ಥಾನದ ಗೌರವವನ್ನು ಪಡೆದು, ಚಾಮುಂಡೇಶ್ವರಿಯ ಅಷ್ಟೋತ್ತರಶತನಾಮಗಳನ್ನು ಆಧರಿಸಿ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ತಮಿಳುನಾಡಿನ ವಿದ್ವಾಂಸರೊಬ್ಬರು ಕನ್ನಡದಲ್ಲಿ ಇಷ್ಟು ದೊಡ್ಡ ಕೃತಿಮಾಲೆಯನ್ನು ಹೆಣೆಯಲು ಕಾರಣವಾದ ಬೆಟ್ಟವು ನಗರದ ಯಾವ ಬೀದಿಯ ಕೊನೆಯಲ್ಲಿಯೂ ಸವಾರನ ಕಣ್ಣಿಗೆ ಬೀಳಬಹುದು. ನಾಲ್ವಡಿಯವರ ಅನಂತರ ಬಂದ ಜಯಚಾಮರಾಜ ಒಡೆಯರು ತಾವೇ ವಾಗ್ಗೇಯಕಾರರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಅವರ 94 ಕೃತಿಗಳಿವೆ. ರಷ್ಯದ ಮೆಟ್ನರ್ ಎಂಬ ಸಂಗೀತಕಾರನ ರಚನೆಗಳು ಲಂಡನ್ನಿನಲ್ಲಿ ಗ್ರಾಮಫೋನ್ ತಟ್ಟೆಗಳಾಗಿ ಹೊರಬಂದದ್ದು ಅವರ ದ್ರವ್ಯಸಹಾಯದಿಂದ. 1950ರಲ್ಲಿ ರಿಚರ್ಡ್ ಸ್ಟ್ರೌಸನ ಕೊನೆಯ ನಾಲ್ಕು ಗೀತಗಳು ಮೊದಲ ಬಾರಿಗೆ ಲಂಡನ್ನಿನಲ್ಲಿ ಹಾಡಲ್ಪಟ್ಟಾಗಲೂ ಹಿಂದೆ ನಿಂತದ್ದು ಮೈಸೂರಿನ ಹಣವೇ.

ಇಷ್ಟೆಲ್ಲ ಸತ್ಯ. ಆದರೆ ಆಸ್ಥಾನವು ವಿದ್ವಾಂಸನಿಗೆ ಅನ್ನವನ್ನೂ ಸನ್ಮಾನವನ್ನೂ ಕೊಡಬಲ್ಲುದೇ ಹೊರತು ವಿದ್ವತ್ತನ್ನು ಕೊಡಲಾರದು. ವಿದ್ವತ್ತು ಬರಬೇಕಾದದ್ದು ಗುರುವಿನ ಮನೆಯಲ್ಲಿ. ಆದುದರಿಂದ ಅರಮನೆಯ ಬಾಗಿಲನ್ನು ಬಿಟ್ಟು ಹಳೆಯ ಅಗ್ರಹಾರಗಳ ಕಡೆಗೆ ಬೈಸಿಕಲ್ಲನ್ನು ತಿರುಗಿಸೋಣ.

ಮೈಸೂರಿನ ವೀಣಾ ಪರಂಪರೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಕಲಿತವರು ಮೈಸೂರು ಸದಾಶಿವರಾಯರು. ಸದಾಶಿವರಾಯರಲ್ಲಿ ಗಾನವನ್ನು ಅಭ್ಯಾಸಮಾಡಿದವರಲ್ಲಿ ವೀಣೆ ಶೇಷಣ್ಣನವರು (1852–1926) ಒಬ್ಬರು. ಶೇಷಣ್ಣನವರ ತಂದೆ ಚಿಕ್ಕರಾಮಪ್ಪನವರೂ ಆಸ್ಥಾನದ ವೈಣಿಕರೇ. ಶೇಷಣ್ಣನವರ ಶಿಷ್ಯರು ವೆಂಕಟಗಿರಿಯಪ್ಪನವರು. ಅವರ ಶಿಷ್ಯರು ದೊರೆಸ್ವಾಮಿ ಅಯ್ಯಂಗಾರ್ಯರು (1920–1997). ತಿರುವಯ್ಯಾರಿನ ಒಂದು ಬೀದಿಯಿಂದ ಹೊರಟ ವಿದ್ಯೆಯು ಹೀಗೆ ಮೈಸೂರಿನ ಕೆಲವೇ ಮನೆಗಳ ಮೂಲಕ ನಮ್ಮ ಕಾಲದವರೆಗೆ ಇಳಿದುಬಂದಿದೆ.

ಈ ಮನೆಗಳು ಒಂದಕ್ಕೊಂದು ಹತ್ತಿರವಾಗಿದ್ದುದು ಸಣ್ಣ ಸಂಗತಿಯಲ್ಲ. ಮೈಸೂರು ಬಾಣಿಯೆಂದು ಕರೆಯಿಸಿಕೊಳ್ಳುವ ವಾದನಕ್ರಮಕ್ಕೆ ತನ್ನದೇ ಆದ ಲಕ್ಷಣಗಳಿವೆ. ತಂಜಾವೂರಿನವರು ತಂತಿಯನ್ನು ಎಳೆದು ಗಾಯನದ ಗಮಕಗಳನ್ನು ವೀಣೆಯಲ್ಲಿ ತರುವುದಕ್ಕೆ ಪ್ರಾಧಾನ್ಯ ಕೊಟ್ಟರೆ, ಮೈಸೂರಿನವರು ಮೀಟಿನ ಸ್ಪಷ್ಟತೆಗೂ ಎಡಗೈ ಬೆರಳುಗಳನ್ನು ಬಿಡಿಸಿ ನುಡಿಸುವ ಚಾತುರ್ಯಕ್ಕೂ ಬೆಲೆ ಕೊಟ್ಟರು. ಇಂತಹ ಸೂಕ್ಷ್ಮವು ಗ್ರಂಥದಿಂದ ಬರತಕ್ಕದ್ದಲ್ಲ. ಶಿಷ್ಯನು ಗುರುವಿನ ಕೈಯನ್ನು ದಿನದಿನವೂ ನೋಡಬೇಕು. ಬೆಳಿಗ್ಗೆ ತಪ್ಪಿದುದನ್ನು ಸಂಜೆ ತಿದ್ದಿಸಿಕೊಳ್ಳಬೇಕು. ನೆರೆಮನೆಯ ವಿದ್ವಾಂಸರು ಅದೇ ರಾಗವನ್ನು ಬೇರೆ ರೀತಿಯಲ್ಲಿ ನುಡಿಸುವುದು ಕಿವಿಗೆ ಬೀಳುತ್ತಿರಬೇಕು. ಒಂದು ಊರಿನ ಬಾಣಿಯೆಂಬುದು ಹುಟ್ಟುವುದು ಹೀಗೆ, ಮನೆ ಮನೆಗಳ ಸಾಮೀಪ್ಯದಿಂದ. ಸವಾರನು ಕೋಟೆಯ ಸುತ್ತಲಿನ ಹಳೆಯ ಬೀದಿಗಳನ್ನು ಒಂದು ಸುತ್ತು ಹಾಕಿದರೆ ಆ ಪ್ರದೇಶವು ಎಷ್ಟು ಚಿಕ್ಕದೆಂಬುದನ್ನು ಕಂಡು ಆಶ್ಚರ್ಯಪಡುತ್ತಾನೆ.

ಈ ಸಾಮೀಪ್ಯವು ಹೇಗೆ ಸಡಿಲವಾಯಿತೆಂಬುದೂ ತಿಳಿಯಬೇಕಾದ ವಿಷಯ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗ್ ಮಾರಿಯು ಊರಿಗೆ ಬಂತು. ಇಕ್ಕಟ್ಟಾದ ಕೇರಿಗಳು ರೋಗಕ್ಕೆ ತವರು ಎಂದು ಬಗೆದ ಸರ್ಕಾರವು 1903ರಲ್ಲಿ ನಗರಾಭಿವೃದ್ಧಿಗಾಗಿ ಒಂದು ವಿಶ್ವಸ್ತ ಮಂಡಲಿಯನ್ನು ಸ್ಥಾಪಿಸಿತು. ಭಾರತದಲ್ಲಿ ಈ ಬಗೆಯ ಮೊದಮೊದಲ ಮಂಡಲಿಗಳಲ್ಲಿ ಇದೂ ಒಂದು. ಅಗಲವಾದ ರಸ್ತೆಗಳೂ ಮರಗಳ ಸಾಲುಗಳೂ ಉಳ್ಳ ಹೊಸ ಬಡಾವಣೆಗಳು ಎದ್ದವು. ಜನರು ಹೊರಗೆ ಹರಡಿಕೊಂಡರು. ಸಂಗೀತವೂ ಅವರ ಜೊತೆಯಲ್ಲಿ ಹರಡಿಕೊಂಡಿತು. ಇಂದು ಬೈಸಿಕಲ್ಲಿನ ಮೇಲೆ ಮಾಡಬೇಕಾದ ಯಾತ್ರೆಯನ್ನು ಅಂದು ಕಾಲ್ನಡಿಗೆಯಲ್ಲಿಯೇ ಮುಗಿಸಬಹುದಾಗಿತ್ತು ಎಂದರೆ ಈ ಬದಲಾವಣೆಯ ಪ್ರಮಾಣವು ಗೊತ್ತಾಗುತ್ತದೆ.

ಮುಂದೆ ನಿಲ್ಲಬೇಕಾದ ಸ್ಥಳ ಪ್ರಸನ್ನ ಸೀತಾರಾಮ ಮಂದಿರ. ಅರ್ಧ ಸತ್ಯದ ಮಾತನ್ನು ಆಗಲೇ ಹೇಳಿದೆನಷ್ಟೆ. ಅದಕ್ಕೆ ಉತ್ತರವು ಇಲ್ಲಿ ಕಲ್ಲುಗಾರೆಯಲ್ಲಿಯೇ ನಿಂತಿದೆ. ಇದನ್ನು ಕಟ್ಟಿಸಿದವರು ಯಾವ ಪ್ರಭುಗಳೂ ಅಲ್ಲ, ಒಬ್ಬ ಗಾಯಕರು. ಬಿಡಾರಂ ಕೃಷ್ಣಪ್ಪನವರು (1866–1931) ಕರಾವಳಿಯ ಕಡೆಯಿಂದ ಬಂದ ಬಡತನದ ಮನೆಯವರು. ಕಚೇರಿಗಳಲ್ಲಿ ದೇವರನಾಮಗಳಿಗೆ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಅವರು ಪ್ರಮುಖರು. ಹಾಡಿ ಸಂಪಾದಿಸಿದ ಹಣವನ್ನು ಅವರು ಸ್ವಂತ ಸುಖಕ್ಕೆ ವಿನಿಯೋಗಿಸಲಿಲ್ಲ. ಊರಿನವರು ಕುಳಿತು ಸಂಗೀತವನ್ನು ಕೇಳುವುದಕ್ಕೆ ಒಂದು ಮಂದಿರವನ್ನು ಕಟ್ಟಿದರು. ದರ್ಬಾರಿಗೆ ಆಹ್ವಾನವಿಲ್ಲದ ಗುಮಾಸ್ತರೂ ವಿದ್ಯಾರ್ಥಿಗಳೂ ಹೆಂಗಸರೂ ಮಕ್ಕಳೂ ರಾಮನವಮಿಯ ಸಮಯದಲ್ಲಿ ದೊಡ್ಡ ವಿದ್ವಾಂಸರನ್ನು ಕೇಳುವ ಭಾಗ್ಯವು ಇದರಿಂದ ಒದಗಿತು. ಅರಮನೆಯ ಸಂಭಾವನೆಯು ಸುತ್ತಿ ಬಂದು ಬೀದಿಯವರ ಕಿವಿಗೆ ಸಂಗೀತವಾಗಿ ತಲುಪಿತು ಎಂದರೆ ತಪ್ಪಾಗದು.

ಕೃಷ್ಣಪ್ಪನವರ ಗುರುಕುಲದಿಂದ ಬಂದವರು ಪಿಟೀಲು ಚೌಡಯ್ಯನವರು (1895–1967). ತಿರುಮಕೂಡಲು ನರಸೀಪುರದಿಂದ ಬಂದ ಈ ಹುಡುಗನು ಬಹಳ ವರ್ಷ ಗುರುಸೇವೆಯನ್ನು ಮಾಡಿ ವಿದ್ಯೆಯನ್ನು ಸಂಪಾದಿಸಿದನು. ಅವರು ಪಿಟೀಲಿಗೆ ಮೂರು ತಂತಿಗಳನ್ನು ಸೇರಿಸಿ ಏಳು ತಂತಿಯ ವಾದ್ಯವನ್ನು ಬಳಕೆಗೆ ತಂದುದು ಪ್ರಸಿದ್ಧವಾದ ಸಂಗತಿ. ಇದು ಬರಿಯ ಚಮತ್ಕಾರವಾಗಿರಲಿಲ್ಲ. ಕಚೇರಿಗಳು ಮನೆಯ ಪಡಸಾಲೆಯನ್ನು ಬಿಟ್ಟು ದೊಡ್ಡ ಸಭಾಭವನಗಳಿಗೆ ಬಂದಿದ್ದವು. ಶ್ರೋತೃಗಳು ನೂರರಿಂದ ಸಾವಿರಕ್ಕೆ ಏರಿದ್ದರು. ಧ್ವನಿವರ್ಧಕವು ಇನ್ನೂ ಎಲ್ಲೆಡೆಯೂ ಬಂದಿರಲಿಲ್ಲ. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿಯನ್ನು ಕೂಡಿಸಿದುದರಿಂದ ನಾದವು ಹಿಗ್ಗಿತು. ಅರಸರ ಸಭೆಯಿಂದ ಸಾರ್ವಜನಿಕರ ಸಭೆಗೆ ಸಂಗೀತವು ದಾಟಿದ ಚರಿತ್ರೆಯನ್ನು ಆ ಮೂರು ತಂತಿಗಳಲ್ಲಿ ಓದಿಕೊಳ್ಳಬಹುದು. ಚೌಡಯ್ಯನವರು ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ನಡೆಸಿ ತಾವು ಪಡೆದುದನ್ನು ಊರಿಗೆ ಹಿಂದಿರುಗಿಸಿದರು.

ಅದೇ ತಲೆಮಾರಿಗೆ ಹಿರಿಯರಾದ ವಾಸುದೇವಾಚಾರ್ಯರನ್ನು (1865–1961) ನೆನೆಯದೆ ಹಳೆಯ ಬೀದಿಗಳನ್ನು ದಾಟುವಂತಿಲ್ಲ. ಸಂಸ್ಕೃತ ಪಾಠಶಾಲೆಯ ಈ ವಿದ್ಯಾರ್ಥಿಯನ್ನು ಅರಮನೆಯ ವೇತನದ ಮೇಲೆ ತಿರುವಯ್ಯಾರಿಗೆ ಪಟ್ಟಣಂ ಸುಬ್ರಹ್ಮಣ್ಯ ಅಯ್ಯರವರ ಬಳಿಗೆ ಕಳುಹಿಸಲಾಯಿತು. ಅವರು ವಾಗ್ಗೇಯಕಾರರಾಗಿ ಹಿಂದಿರುಗಿ ಬಂದರಲ್ಲದೆ, ತಾವು ಕಂಡ ಕಲಾವಿದರನ್ನು ಕುರಿತು ಕನ್ನಡದಲ್ಲಿ ಬರೆದಿಟ್ಟರು. ಅವರ ಬರಹವಿಲ್ಲದಿದ್ದರೆ ಅನೇಕ ವಿದ್ವಾಂಸರ ನಡೆನುಡಿ, ಹಾಸ್ಯ, ಹಟ ಇವೆಲ್ಲ ನಮಗೆ ತಿಳಿಯದೆ ಹೋಗುತ್ತಿದ್ದವು. ಸಂಗೀತಗಾರನೊಬ್ಬನು ತನ್ನ ಊರಿಗೆ ಮಾಡಬಹುದಾದ ಉಪಕಾರಗಳಲ್ಲಿ ಇದೂ ಒಂದು.

ಇಲ್ಲಿಯವರೆಗೆ ಹೇಳಿದ ಹೆಸರುಗಳೆಲ್ಲವೂ ಗಂಡಸರವು. ಆದರೆ ಈ ಆಸ್ಥಾನದಲ್ಲಿ ಹಾಡಿದವರೂ ಅಭಿನಯಿಸಿದವರೂ ಗಂಡಸರು ಮಾತ್ರವಲ್ಲ. ಜೆಟ್ಟಿ ತಾಯಮ್ಮನವರು (1857–1947) ಮಲ್ಲರ ಮನೆತನದಲ್ಲಿ ಹುಟ್ಟಿ ಅಭಿನಯಕಲೆಯಲ್ಲಿ ಅಪೂರ್ವವಾದ ಸಿದ್ಧಿಯನ್ನು ಪಡೆದವರು. ಅವರ ಶಿಷ್ಯೆ ವೆಂಕಟಲಕ್ಷಮ್ಮನವರು (1906–2002) ಕಡೂರಿನ ಕಡೆಯ ಒಂದು ಲಂಬಾಣಿ ತಾಂಡದಿಂದ ಬಂದು, ನಾಲ್ವಡಿಯವರ ಆಸ್ಥಾನದ ವಿದುಷಿಯಾಗಿ, 1965ರಲ್ಲಿ ವಿಶ್ವವಿದ್ಯಾನಿಲಯವು ನೃತ್ಯಶಿಕ್ಷಣವನ್ನು ತೆರೆದಾಗ ಅಧ್ಯಾಪನಕ್ಕೆ ನಿಂತರು. ದರ್ಬಾರಿನ ವಿದ್ಯೆಯು ತರಗತಿಯ ಕೊಠಡಿಗೆ ಬಂದದ್ದು ಈ ಮಹಿಳೆಯ ಮೂಲಕ.

ಇನ್ನೊಬ್ಬಳ ಕಥೆ ವಿಷಾದಕರವಾದುದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯವರು ಧ್ವನಿಮುದ್ರಣವನ್ನು ಆರಂಭಿಸಿದಾಗ ಹಾಡಿ ದೇಶದಲ್ಲೆಲ್ಲ ಹೆಸರಾದ ಗೌಹರ್ ಜಾನ್, ತನ್ನ ಕೊನೆಗಾಲದಲ್ಲಿ ಮೈಸೂರಿಗೆ ಬಂದಳು. 1928ರಲ್ಲಿ ಅರಮನೆಯ ಗಾಯಕಿಯಾಗಿ ನಿಯಮಿತಳಾದ ಆಕೆ 1930ರ ಜನವರಿ 17ರಂದು ಈ ಊರಿನಲ್ಲಿಯೇ ತೀರಿಕೊಂಡಳು. ಆಗಿನ ಮುದ್ರಣಗಳ ಕೊನೆಯಲ್ಲಿ ಗಾಯಕರು ತಮ್ಮ ಹೆಸರನ್ನು ತಾವೇ ಹೇಳುವ ರೂಢಿಯಿತ್ತು. ಆಕೆಯ ತಟ್ಟೆಗಳು ಇಂದಿಗೂ ಆಕೆಯ ಕಂಠದಲ್ಲಿಯೇ ಆಕೆಯ ಹೆಸರನ್ನು ನುಡಿಯುತ್ತವೆ. ಆದರೆ ಆಕೆಯನ್ನು ಮಣ್ಣುಮಾಡಿದ ಸ್ಥಳವು ಗುರುತಿಗೆ ಸಿಗದೆ ಹೋಗಿದೆ. ಬೈಸಿಕಲ್ಲಿನ ಸವಾರನು ನಗರವನ್ನೆಲ್ಲ ಸುತ್ತಿದರೂ ಒಂದು ಹೂವನ್ನು ಇಡುವುದಕ್ಕೆ ಕಲ್ಲಿಲ್ಲ. ಅತಿಥಿಯಾಗಿ ಬಂದು ನಮ್ಮ ಮಣ್ಣಿನಲ್ಲಿ ಸೇರಿಹೋದವಳಿಗೆ ಊರು ಇನ್ನೂ ಸಲ್ಲಿಸಬೇಕಾದ ಋಣವಿದು.

ಈಗ ಗಡಿಯಾರ ಗೋಪುರದ ಬಳಿಯಲ್ಲಿರುವ ಪುರಭವನವನ್ನು ನೋಡಿಕೊಂಡು ಹೋಗೋಣ. ದಿವಾನ್ ರಂಗಾಚಾರ್ಲು ಅವರ ಸ್ಮಾರಕವಾಗಿ 1884ರಲ್ಲಿ ಕಟ್ಟಿದ ಈ ಭವನವು ನಾಟಕಸಂಗೀತದ ಮನೆ. ಶಾಸ್ತ್ರೀಯ ಸಂಗೀತದ ಚರಿತ್ರೆಯನ್ನು ಬರೆಯುವವರು ನಾಟಕದ ಹಾಡುಗಳನ್ನು ಸ್ವಲ್ಪ ತಾತ್ಸಾರದಿಂದ ಕಾಣುವುದುಂಟು. ಇದು ನ್ಯಾಯವಲ್ಲ. ವರದಾಚಾರ್ಯರಂತಹ ನಟರು ರಂಗದ ಮೇಲೆ ಹಾಡಿದ ಕಂದಪದ್ಯಗಳಿಂದಲೇ ಎಷ್ಟೋ ಜನ ಸಾಮಾನ್ಯರಿಗೆ ಕಾಂಬೋದಿ, ಮೋಹನಗಳ ಪರಿಚಯವಾಯಿತು. ಅರಮನೆಯ ಕಚೇರಿಗೆ ಪ್ರವೇಶವಿಲ್ಲದವನು ಕೆಲವಾಣೆಗಳ ಟಿಕೀಟಿನಿಂದ ರಾಗಜ್ಞಾನವನ್ನು ಪಡೆದನು. ಇನ್ನು ದಸರೆಯ ದಿನದಲ್ಲಿ ಟಿಕೀಟಿನ ಅವಶ್ಯಕತೆಯೂ ಇಲ್ಲ. ಅರಮನೆಯಿಂದ ಸಯ್ಯಾಜಿರಾವ್ ರಸ್ತೆಯ ಮಾರ್ಗವಾಗಿ ಬನ್ನಿಮಂಟಪಕ್ಕೆ ಹೋಗುವ ಮೆರವಣಿಗೆಯಲ್ಲಿ ನಾಗಸ್ವರವೂ ನೌಬತ್ತೂ ಬ್ಯಾಂಡೂ ಒಂದರ ಹಿಂದೆ ಒಂದು ಸಾಗುತ್ತವೆ.

ಕೊನೆಯ ಘಟ್ಟವು ಉತ್ತರಾಭಿಮುಖವಾದುದು. ವಾಣೀವಿಲಾಸ ಮೊಹಲ್ಲದ ದಾರಿಯಲ್ಲಿ ಒಂಟಿಕೊಪ್ಪಲನ್ನು ಸೇರಿದರೆ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ಹೆಸರು ನೆನಪಿಗೆ ಬರುತ್ತದೆ. 1935ರ ಸೆಪ್ಟೆಂಬರ್ 10ರಂದು ಅವರು ತಮ್ಮ ‘ವಿಠ್ಠಲ ವಿಹಾರ’ದಲ್ಲಿ 30 ವಾಟ್ ಶಕ್ತಿಯ ಒಂದು ಪ್ರೇಷಕಯಂತ್ರವನ್ನು ಇಟ್ಟು ಪ್ರಸಾರವನ್ನು ಆರಂಭಿಸಿದರು. ಈ ಕೊಠಡಿಯ ದೀಪಕ್ಕೆ ಬೇಕಾಗುವಷ್ಟು ವಿದ್ಯುತ್ತು! ಆ ಪುಟ್ಟ ನಿಲಯದ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ರೇಡಿಯೋ ಸಂಸ್ಥೆಯ ಹೆಸರಾಯಿತು. ನಿಲಯವು ಮೊದಲು ಪ್ರಾಧ್ಯಾಪಕರ ಶ್ರಮದಿಂದಲೂ ಆಮೇಲೆ ಪುರಸಭೆಯ ಮತ್ತು ಸಂಸ್ಥಾನದ ಆಶ್ರಯದಿಂದಲೂ ನಡೆದು, 1950ರಲ್ಲಿ ಭಾರತ ಸರ್ಕಾರಕ್ಕೆ ಸೇರಿ, 1955ರಲ್ಲಿ ಬೆಂಗಳೂರಿಗೆ ಹೋಯಿತು. ದೊರೆಸ್ವಾಮಿ ಅಯ್ಯಂಗಾರ್ಯರು ಮುಂದೆ ಬೆಂಗಳೂರಿನ ಆ ನಿಲಯದಲ್ಲಿಯೇ ಸಂಗೀತದ ಹೊಣೆಯನ್ನು ಹೊತ್ತರು. ಮೈಸೂರಿಗೆ ಮತ್ತೆ ತನ್ನದೇ ಆದ ನಿಲಯವು ಬಂದು ಯಾದವಗಿರಿಯಲ್ಲಿ ನೆಲಸಿತು.

ರೇಡಿಯೋ ಮಾಡಿದ ಉಪಕಾರವನ್ನೂ ಅಪಕಾರವನ್ನೂ ಒಟ್ಟಿಗೆ ಎಣಿಸಬೇಕು. ಅದು ವಿದ್ವಾಂಸನಿಗೆ ಅರಸನಲ್ಲದ ಇನ್ನೊಬ್ಬ ಪೋಷಕನನ್ನು ಕೊಟ್ಟಿತು. ಸಂಸ್ಥಾನಗಳು ಕಳೆದುಹೋದ ಕಾಲದಲ್ಲಿ ಈ ಆಸರೆಯು ಇಲ್ಲದಿದ್ದರೆ ಎಷ್ಟೋ ಮನೆಗಳ ತಂಬೂರಿಗಳು ಮೂಲೆಯನ್ನು ಸೇರುತ್ತಿದ್ದವು. ಆದರೆ ಮನೆಯಲ್ಲಿ ಕುಳಿತೇ ಎಲ್ಲ ಊರಿನ ಸಂಗೀತವನ್ನೂ ಕೇಳಬಹುದಾದ ಮೇಲೆ ನೆರೆಮನೆಯ ವಿದ್ವಾಂಸರ ಜಗಲಿಗೆ ಹೋಗುವವರು ಕಡಮೆಯಾದರು. ಬಾಣಿಗಳ ಗಡಿಗಳು ಮಸುಕಾದವು. ಆಗ ಊರಿನ ನೆರವಿಗೆ ಬಂದವರು ಪ್ರಭುಗಳಲ್ಲ, ಬಡಾವಣೆಯ ಗೃಹಸ್ಥರು. ವಾಣೀವಿಲಾಸ ಮೊಹಲ್ಲದ ಎಂಟನೆಯ ಅಡ್ಡರಸ್ತೆಯಲ್ಲಿ 1962ರಲ್ಲಿ ಆರಂಭವಾದ ಗಣಪತಿ ಉತ್ಸವದ ಸಂಗೀತ ಕಚೇರಿಗಳು ರಸಿಕರಲ್ಲೆಲ್ಲ ಪ್ರಸಿದ್ಧವಾದವು. ರಸ್ತೆಯ ಮೇಲೆ ಚಪ್ಪರ. ಚಪ್ಪರದಡಿಯಲ್ಲಿ ದೇಶದ ಹಿರಿಯ ವಿದ್ವಾಂಸರು. ಕೇಳುವವರಿಗೆ ಆಹ್ವಾನಪತ್ರವೇನೂ ಬೇಡ. ಬಿಡಾರಂ ಕೃಷ್ಣಪ್ಪನವರು ಯಾವ ಆಸೆಯಿಂದ ರಾಮಮಂದಿರವನ್ನು ಕಟ್ಟಿದರೋ ಅದೇ ಆಸೆಯು ಇಲ್ಲಿ ಬೀದಿಗೆ ಇಳಿದುಬಂತು.

ಹೀಗೆ ಸುತ್ತಿ ನೋಡಿದರೆ ನಗರದ ಸಂಗೀತಕ್ಕೆ ಮೂರು ಆಧಾರಗಳಿದ್ದುದು ಸ್ಪಷ್ಟವಾಗುತ್ತದೆ: ಅರಮನೆಯ ಹಣ, ಗುರುಗಳ ಮನೆ, ಜನರ ಕಿವಿ. ಮೊದಲನೆಯದು ಕಾಲಧರ್ಮದಿಂದ ಹೋಯಿತು. ಅದರ ಸ್ಥಾನದಲ್ಲಿ ಸರ್ಕಾರವೂ ವಿಶ್ವವಿದ್ಯಾನಿಲಯಗಳೂ ನಿಂತಿವೆ. ಗಂಗೂಬಾಯಿ ಹಾನಗಲ್ಲರ ಹೆಸರಿನ ಸಂಗೀತ ವಿಶ್ವವಿದ್ಯಾನಿಲಯವು ಮೈಸೂರಿನಲ್ಲಿಯೇ ಸ್ಥಾಪಿತವಾಗಿದೆ. ಮೂರನೆಯದು ಇನ್ನೂ ಉಳಿದಿದೆಯೆಂದು ಗಣಪತಿಯ ಚಪ್ಪರಗಳು ಹೇಳುತ್ತವೆ. ಕಳವಳವಿರುವುದು ಎರಡನೆಯದನ್ನು ಕುರಿತು. ಹಳೆಯ ಅಗ್ರಹಾರಗಳಲ್ಲಿ ಹೆಂಚಿನ ಮನೆಗಳು ಒಂದೊಂದಾಗಿ ಕೆಳಗುರುಳಿ, ಅಂತಸ್ತಿನ ಮೇಲೆ ಅಂತಸ್ತು ಏಳುತ್ತಿದೆ. ನಿವೇಶನದ ಬೆಲೆಯು ಏರಿದಾಗ ಮಾಲೀಕರನ್ನು ದೂಷಿಸಿ ಫಲವಿಲ್ಲ. ಆದರೆ ಬೀಳುವ ಮನೆಯಲ್ಲಿ ಯಾರು ವಾಸವಾಗಿದ್ದರು, ಯಾರು ಯಾರಿಗೆ ಪಾಠ ಹೇಳಿದರು ಎಂಬುದನ್ನು ಬರೆದಿಡುವುದಕ್ಕೆ ಹೆಚ್ಚಿನ ಹಣವು ಬೇಕಿಲ್ಲ.

ಇದನ್ನು ಮಾಡಬೇಕಾದವರು ಕಾಲೇಜಿನ ವಿದ್ಯಾರ್ಥಿಗಳು. ಒಂದು ರಜೆಯಲ್ಲಿ ಹತ್ತು ಮಂದಿ ಯುವಕ ಯುವತಿಯರು ಬೈಸಿಕಲ್ಲುಗಳನ್ನು ಏರಿ, ಬೀದಿಬೀದಿಯ ವೃದ್ಧರನ್ನು ಕೇಳಿ, ವಿದ್ವಾಂಸರ ಮನೆಗಳನ್ನು ಒಂದು ನಕ್ಷೆಯಲ್ಲಿ ಗುರುತಿಸಿದರೆ, ಯಾವ ಗ್ರಂಥಭಂಡಾರದಲ್ಲಿಯೂ ಸಿಗದ ಚರಿತ್ರೆಯು ಸಿದ್ಧವಾಗುತ್ತದೆ. ಆ ನಕ್ಷೆಯಲ್ಲಿ ಶೇಷಣ್ಣನವರ ಮನೆಯ ಜೊತೆಗೆ ತಾಯಮ್ಮನವರ ಮನೆಯೂ ಇರಲಿ. ಗೌಹರ್ ಜಾನ್ ಕೊನೆಯುಸಿರೆಳೆದ ಊರು ಇದೆಂಬ ಉಲ್ಲೇಖವೂ ಇರಲಿ. ತಿಳಿದವರು ಇನ್ನೂ ಕೆಲವರು ಇದ್ದಾರೆ; ಅವರ ವಯಸ್ಸು ಮಾತ್ರ ನಮಗಾಗಿ ಕಾಯುವುದಿಲ್ಲ. ಆ ಹತ್ತು ಮಂದಿಯಲ್ಲಿ ಒಬ್ಬರಾದರೂ ನಕ್ಷೆಯನ್ನು ಮುಗಿಸಿ, ಬೈಸಿಕಲ್ಲನ್ನು ಒಬ್ಬ ವೈಣಿಕರ ಬಾಗಿಲಲ್ಲಿ ಒರಗಿಸಿ, ಒಳಗೆ ಹೋಗಿ ಸರಳೆವರಸೆಗೆ ಕುಳಿತರೆ ಈ ಪ್ರಯತ್ನವು ಸಾರ್ಥಕವಾಯಿತೆಂದು ತಿಳಿಯಬಹುದು.